300 ಪದದ ಪ್ರಬಂಧ, ಚಿಂತಾಮಣಿಯ ಕಂಬ

2024ರ ಮೇ 19ರ ನಸುಕಿನಲ್ಲಿ ಪುಣೆಯಲ್ಲಿ 17 ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಅವತ್ತೇ ಹುಡುಗನಿಗೆ ಜಾಮೀನು. ಷರತ್ತುಗಳಲ್ಲಿ ಮುಖ್ಯವಾದವು: ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ, ಟ್ರಾಫಿಕ್ ಪೊಲೀಸರ ಜೊತೆ 15 ದಿನ ಕೆಲಸ, ಕೌನ್ಸೆಲಿಂಗ್. ಸತ್ತವರು ನಮ್ಮಂಥವರೇ. ವೀಕೆಂಡ್ ರಾತ್ರಿ ಊಟ ಮುಗಿಸಿ ಮನೆಗೆ ಹೊರಟಿದ್ದವರು. ಹಾಗಾಗಿ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪುಗಳಲ್ಲಿ ಸಿಟ್ಟು ಉಕ್ಕಿದ್ದು ಸಹಜ. (ಈ ಅಂಕಣವೇ ಆ ಪ್ರಬಂಧದ ಎರಡು ಪಟ್ಟು ಉದ್ದ ಇರುತ್ತೆ.)

ಅಂದಿನಿಂದ ಒಂದು ಕಷ್ಟ ಶುರುವಾಗಿದೆ. ತಪ್ಪು ಮಾಡಿದ ಹುಡುಗರನ್ನು ರಿಮ್ಯಾಂಡ್ ಹೋಮಿಗೆ ತಳ್ಳೋ ಬದಲು ಊರಲ್ಲೇ ಇಟ್ಟು ತಿದ್ದಬಹುದು ಅಂತ ಯಾರಾದರೂ ಬಾಯಿ ತೆಗೆದರೆ ಸಾಕು, "ಪ್ರಬಂಧ ಬರೆಸ್ತೀರಾ?" ಅಂತ ನಗು. ಆದರೆ ಪುಣೆಯಲ್ಲಿ ನಿಜಕ್ಕೂ ಹೇಸಿಗೆ ಹುಟ್ಟಿಸಬೇಕಾದದ್ದು ಪ್ರಬಂಧ ಅಲ್ಲ. ಹುಡುಗನ ರಕ್ತದ ಮಾದರಿಯನ್ನೇ ಬದಲಾಯಿಸಿದ ಆರೋಪದ ಮೇಲೆ ವೈದ್ಯರು ಬಂಧನಕ್ಕೊಳಗಾದರಲ್ಲ, ಅದು. ದುಡ್ಡು ಮಾಡಿದ ಕೆಲಸಕ್ಕೆ ನಾವು ಕಾನೂನಿನ ಅತ್ಯಂತ ವಿವೇಕದ ಭಾಗವನ್ನು ಬೈದೆವು.

ಏಕೆಂದರೆ 2015ರ ಬಾಲ ನ್ಯಾಯ ಕಾಯ್ದೆ ಬರೆದಿರೋದೇ ಹಾಗೆ. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ಆಕ್ರೋಶದಲ್ಲಿ ಹುಟ್ಟಿದ ಕಾಯ್ದೆ ಇದು. ಘೋರ ಅಪರಾಧವಾದರೆ 16 ದಾಟಿದವರನ್ನು ವಯಸ್ಕರಂತೆ ವಿಚಾರಣೆಗೆ ಕಳಿಸುವ ಬಾಗಿಲನ್ನು ತೆರೆದದ್ದೂ ಇದೇ. ಅಷ್ಟು ಕೋಪದಲ್ಲಿ ಬರೆದ ಕಾಯ್ದೆಯೂ 18ನೇ ಸೆಕ್ಷನ್ನಿನಲ್ಲಿ ಮಂಡಳಿಗೆ ಏಳು ದಾರಿ ಕೊಡುತ್ತೆ. ಬುದ್ಧಿ ಹೇಳಿ ಮನೆಗೆ ಕಳಿಸೋದು ಮೊದಲನೆಯದು. ಆಮೇಲೆ ಗುಂಪು ಕೌನ್ಸೆಲಿಂಗ್, ಸಮುದಾಯ ಸೇವೆ, ದಂಡ, ತಂದೆ-ತಾಯಿಯ ಅಥವಾ 'ಯೋಗ್ಯ ವ್ಯಕ್ತಿ'ಯ ನಿಗಾದಲ್ಲಿ ಬಿಡುಗಡೆ, ಹೀಗೆ ಸಾಗಿ ವಿಶೇಷ ಗೃಹದಲ್ಲಿ ಇಡೋದು ಏಳನೆಯದು, ಅದೂ ಹೆಚ್ಚೆಂದರೆ ಮೂರು ವರ್ಷ. 2016ರ ಮಾದರಿ ನಿಯಮಗಳ ಪ್ರಕಾರ ಘೋರ ಅಪರಾಧ ಅಲ್ಲದಿದ್ದರೆ, ಜೊತೆಗೆ ದೊಡ್ಡವರು ಇಲ್ಲದಿದ್ದರೆ, ಎಫ್‌ಐಆರ್ ಕೂಡ ಹಾಕುವ ಹಾಗಿಲ್ಲ. ಠಾಣೆಯ ಡೈರಿಯಲ್ಲಿ ಬರೆದುಕೊಂಡು ಹುಡುಗನ ಸಾಮಾಜಿಕ ಹಿನ್ನೆಲೆಯ ವರದಿ ಮಾಡಬೇಕು, ಅಷ್ಟೆ.

ಈಗ ನಂದಿ ಬೆಟ್ಟದ ಆಚೆ ಇಳಿಯೋಣ. ಸೂರ್ಯೋದಯ ನೋಡಿ, ಫೋಟೋ ಹಾಕಿ, ವಾಪಸ್ ಬರುವ ನಮಗೆ ಆಚೆಗಿನ ಶಿಡ್ಲಘಟ್ಟ, ಚಿಂತಾಮಣಿ ಬರೀ ಬೋರ್ಡುಗಳು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 14 ವರ್ಷದ ದಲಿತ ಹುಡುಗನ ಮೇಲೆ ಚಿನ್ನದ ಓಲೆ ಕದ್ದ ಅನುಮಾನ ಬಂತು. ಮೇಲ್ಜಾತಿಯ ಕೆಲವರು ಅವನನ್ನು ಕಂಬಕ್ಕೆ ಕಟ್ಟಿ ಹೊಡೆದರು. ಬಿಡಿಸಲು ಬಂದ ತಾಯಿಗೂ ಹೊಡೆತ ಬಿತ್ತು ಎಂದು ವರದಿಯಾಯಿತು. ಅದೇ ತಿಂಗಳು ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ದೇವರ ಕೋಲು ಮುಟ್ಟಿದ ದಲಿತ ಹುಡುಗನ ಮನೆಯವರಿಗೆ ಊರಿನವರು 60,000 ರೂಪಾಯಿ ದಂಡ ಹಾಕಿದ್ದರು.

ಗಮನಿಸಿ: ಎರಡೂ ಕಡೆ ಜೈಲಿಲ್ಲ, ರಿಮ್ಯಾಂಡ್ ಹೋಮಿಲ್ಲ. ವಿಚಾರಣೆ ಊರಲ್ಲೇ, ತೀರ್ಪೂ ಊರಲ್ಲೇ. 'ಸಮುದಾಯ ಆಧಾರಿತ' ಅನ್ನೋ ಸೆಮಿನಾರಿನ ಪದದ ಬಗ್ಗೆ ನನ್ನ ತಕರಾರು ಇರೋದು ಇಲ್ಲಿಯೇ. ಯಾವ ಸಮುದಾಯ? ಇದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಇಂಥ ನೆಲದಲ್ಲಿ ಹುಡುಗನನ್ನು 'ಊರಿನ ಸುಪರ್ದಿಗೆ' ಕೊಡಿ ಅನ್ನೋದು ಸುಲಭದ ಮಾತಲ್ಲ.

ಹಾಗಂತ ರಿಮ್ಯಾಂಡ್ ಹೋಮೇ ವಾಸಿ ಅಂತ ನಾನು ಹೇಳ್ತಾ ಇಲ್ಲ. ಶಿಡ್ಲಘಟ್ಟದ ಹುಡುಗನೊಬ್ಬ ಮೊಬೈಲ್ ಕದ್ದ ಅಂತಿಟ್ಟುಕೊಳ್ಳಿ. ತಾಯಿ ಚಂದ್ರಿಕೆಯಿಂದ ರೇಷ್ಮೆ ಗೂಡು ಬಿಡಿಸೋ ಕೂಲಿಗೆ ಹೋಗ್ತಾರೆ. ಬೇರೆ ಊರಿನ ವೀಕ್ಷಣಾಲಯದಲ್ಲಿ ಮಗನನ್ನು ಇಟ್ಟರೆ ಒಂದು ಭೇಟಿ ಅಂದ್ರೆ ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜೂ ಹೋಯ್ತು. ಹುಡುಗನ ಶಾಲೆ ಅಲ್ಲಿಗೆ ಮುಗಿದ ಹಾಗೆ. ಒಳಗೆ ಅವನಿಗೆ ಸಿಗೋ ಹೊಸ ಗೆಳೆಯರು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1970ರ ದಶಕದ ಆರಂಭದಲ್ಲೇ ಜೆರೋಮ್ ಮಿಲ್ಲರ್ ಎಂಬ ಅಧಿಕಾರಿ ಇಂಥ ದೊಡ್ಡ ಸಂಸ್ಥೆಗಳಿಗೆ ಬೀಗ ಹಾಕಿಸಿದರು. ರಾಜ್ಯವೇನೂ ಮುಳುಗಲಿಲ್ಲ. ನಮ್ಮಲ್ಲೂ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು ಮೊದಲ ಸಲ ಸಿಕ್ಕಿಬಿದ್ದ ದೊಡ್ಡವರೇ ಮಾಲು ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ದೊಡ್ಡವರಿಗೆ ಇರೋ ಈ ದಾರಿ ಹುಡುಗರ ವಿಷಯದಲ್ಲಿ ಮಾತ್ರ ಯಾಕೆ ತಮಾಷೆ?

ಊರಿಗೂ ಬೀಗಕ್ಕೂ ನಡುವೆ ಒಬ್ಬ ಮನುಷ್ಯ ಬೇಕು. ಕಾಯ್ದೆ ಅವರನ್ನು ಪರಿವೀಕ್ಷಣಾಧಿಕಾರಿ ಅನ್ನುತ್ತೆ. ಹುಡುಗನ ಮನೆಗೆ ಹೋಗಿ, ಶಾಲೆಯ ಮೇಷ್ಟ್ರನ್ನು ಕಂಡು, ಮಂಡಳಿಗೆ ವರದಿ ಕೊಡಬೇಕಾದವರು. ಹುಡುಗನನ್ನು ಊರಲ್ಲಿ ಬಿಟ್ಟರೆ ಕಂಬಕ್ಕೆ ಕಟ್ಟೋರು ಯಾರು, ಅನ್ನ ಹಾಕೋರು ಯಾರು ಅಂತ ತಿಳಿದಿರಬೇಕಾದವರು. ಮಿಷನ್ ವಾತ್ಸಲ್ಯದ ಮಾದರಿಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಇರೋದು ಒಂದೇ ಒಂದು ಕಾನೂನು-ಪರಿವೀಕ್ಷಣಾಧಿಕಾರಿ ಹುದ್ದೆ. ಒಂದು ತುದಿಗೆ ಗೌರಿಬಿದನೂರು, ಇನ್ನೊಂದು ತುದಿಗೆ ಚಿಂತಾಮಣಿ, ಮೇಲೆ ಆಂಧ್ರದ ಗಡಿಯ ಬಾಗೇಪಲ್ಲಿ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ವರದಿ ಮಾತ್ರ ಕನ್ನಡದಲ್ಲಿ. ಕೂತಲ್ಲೇ ಫಾರ್ಮ್ ತುಂಬಿದರೆ ಅದು ಆ ಒಬ್ಬರ ಸೋಮಾರಿತನ ಅಂತ ನನಗನ್ನಿಸಲ್ಲ.

ಪುಣೆಯ ಹುಡುಗನಿಗೆ ಈ ಮನುಷ್ಯನ ಕೆಲಸವನ್ನು ಅವನ ಮನೆಯವರೇ ಮಾಡಿದರು. ಅಜ್ಜ ಮುಚ್ಚಳಿಕೆ ಬರೆದುಕೊಟ್ಟರು, ವಕೀಲರು ಬಂದರು. ಚಿಂತಾಮಣಿಯ ಹುಡುಗನಿಗೆ ಬಂದದ್ದು ತಾಯಿ ಒಬ್ಬರೇ, ಅವರಿಗೂ ಏಟು ಬಿತ್ತು. ಹೊಡೆದವರ ಮೇಲೆ ಕೇಸಾಯಿತು. ಅಷ್ಟರಲ್ಲಿ ಹುಡುಗನಿಗೆ ಶಿಕ್ಷೆ ಆಗಿಹೋಗಿತ್ತು, ಓಲೆ ಕದ್ದಿದ್ದನೋ ಇಲ್ಲವೋ ಅನ್ನೋದನ್ನು ಯಾರೂ ವಿಚಾರಿಸುವ ಮೊದಲೇ.

ತಾಲ್ಲೂಕಿಗೊಬ್ಬ ಪರಿವೀಕ್ಷಣಾಧಿಕಾರಿ, ಕಾಯಂ ಸಂಬಳ, ಓಡಾಡೋಕೆ ಗಾಡಿ, ತೆಲುಗು ಬಂದರೆ ಇನ್ನೂ ಒಳ್ಳೇದು. ಸಮುದಾಯ ಸೇವೆಗೆ ತಾಲ್ಲೂಕು ಆಸ್ಪತ್ರೆ ಇದೆ, ಪಂಚಾಯ್ತಿಯ ಅರಿವು ಕೇಂದ್ರ ಇದೆ; ಕಂಬ ಇರೋ ಊರಲ್ಲೇ ಆಗಬೇಕು ಅಂತೇನಿಲ್ಲ, ಪಕ್ಕದ ಊರಲ್ಲಿ ಆಗಲಿ. ಈ ಪಟ್ಟಿಯನ್ನು ಬಜೆಟ್ ಭಾಷಣದಲ್ಲಿ ಓದೋಕೆ 300 ಪದವೂ ಬೇಡ.