ಪಕ್ಷನಿಷ್ಠೆಯೆಂಬ ಮಾತು: ಚನ್ನಗಿರಿ, ಹೊನ್ನಾಳಿ, ಜಗಳೂರುಗಳ ನಿದರ್ಶನ

ಚುನಾವಣೆಯ ಫಲವನ್ನು ವಿವರಿಸಹೊರಟವರು ಜನರು ಪಕ್ಷಕ್ಕೆ ಕಟ್ಟುಬಿದ್ದಿದ್ದಾರೆಂದು ಹೇಳಿ ವಿಚಾರವನ್ನು ಮುಗಿಸಿಬಿಡುವುದು ವಾಡಿಕೆಯಾಗಿದೆ. ಈ ಮಾತಿಗೆ ಶಾಸ್ತ್ರದ ಬಲವನ್ನು ತಂದುಕೊಟ್ಟುದು ಮಿಷಿಗನ್ ವಿಶ್ವವಿದ್ಯಾನಿಲಯದ ವಿದ್ವಾಂಸರು ೧೯೬೦ರಲ್ಲಿ ಪ್ರಕಟಿಸಿದ ‘ದಿ ಅಮೆರಿಕನ್ ವೋಟರ್’ ಎಂಬ ಗ್ರಂಥ. ಪಕ್ಷಾಭಿಮಾನವು ಮನೆತನದಿಂದ ಬಾಲ್ಯದಲ್ಲಿಯೇ ಬಂದು ನೆಲೆಗೊಳ್ಳುವುದೆಂದೂ, ಮುಂದೆ ಕಾಣುವುದೆಲ್ಲವನ್ನೂ ಮನುಷ್ಯನು ಆ ಅಭಿಮಾನದ ಮೂಲಕವೇ ಕಾಣುವನೆಂದೂ ಅದರ ಮುಖ್ಯ ವಾದ. ಕನ್ನಡದಲ್ಲಿ ಮತವೆಂಬ ಒಂದೇ ಶಬ್ದವು ಧರ್ಮಕ್ಕೂ ಚೀಟಿಗೂ ಸಲ್ಲುವುದರಿಂದ ಈ ವಾದವು ಇಲ್ಲಿ ಒಡನೆಯೇ ರುಚಿಸುವುದು ಸಹಜ. ಆದರೆ ಎರಡೇ ಪಕ್ಷಗಳು ತಲೆಮಾರುಗಳಿಂದ ನಿಂತಿರುವ ದೇಶದ ಅಳತೆಗೋಲು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಿಗೆ ಎಷ್ಟರಮಟ್ಟಿಗೆ ಹೊಂದುವುದೆಂಬುದನ್ನು ನೋಡಬೇಕಾಗಿದೆ.

೨೦೧೩ರ ವಿಧಾನಸಭಾ ಚುನಾವಣೆಯಲ್ಲಿ ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರೂ ಕಾಂಗ್ರೆಸ್ಸಿಗೆ ಒಲಿದುವು. ೨೦೧೮ರಲ್ಲಿ ಮೂರೂ ಭಾರತೀಯ ಜನತಾ ಪಕ್ಷದ ಪಾಲಾದುವು. ೨೦೨೩ರಲ್ಲಿ ಮೂರೂ ಮರಳಿ ಕಾಂಗ್ರೆಸ್ಸಿಗೆ ಬಂದುವು. (ನ್ಯಾಮತಿಯು ೨೦೧೮ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದರೂ ಅದರ ಮತ ಹೊನ್ನಾಳಿಯ ಕ್ಷೇತ್ರದಲ್ಲಿಯೇ ಸೇರುವುದು.) ಇಷ್ಟೇ ಆಗಿದ್ದರೆ ರಾಜ್ಯದಲ್ಲೆಲ್ಲ ಬೀಸಿದ ಗಾಳಿಯೆನ್ನಬಹುದಿತ್ತು. ಆದರೆ ಇವೇ ಮೂರು ಕ್ಷೇತ್ರಗಳನ್ನೊಳಗೊಂಡ ದಾವಣಗೆರೆ ಲೋಕಸಭಾ ಕ್ಷೇತ್ರವು ೨೦೧೩ರ ಮರುವರ್ಷವೇ ಭಾರತೀಯ ಜನತಾ ಪಕ್ಷದ ಶ್ರೀ ಜಿ. ಎಂ. ಸಿದ್ದೇಶ್ವರ ಅವರನ್ನು ಪುನಃ ಆರಿಸಿ ಕಳುಹಿತು. ಒಂದು ವರ್ಷದೊಳಗೆ ಹೀಗೆ ತಿರುಗುವ ನಿಷ್ಠೆಯನ್ನು ಮನೆತನದಿಂದ ಬಂದುದೆನ್ನುವುದು ಹೇಗೆ?

ಹಾಗಾದರೆ ನಿಷ್ಠೆಯು ವ್ಯಕ್ತಿಗೆ ಸಂದದ್ದೆಂದು ಎರಡನೆಯ ಪಕ್ಷದವರು ಹೇಳುವರು. ಇದಕ್ಕೆ ಆಧಾರವಿಲ್ಲದೆ ಇಲ್ಲ. ಶ್ರೀ ಬಿ. ಎಸ್. ಯಡಿಯೂರಪ್ಪನವರು ಕರ್ನಾಟಕ ಜನತಾ ಪಕ್ಷವನ್ನು ಕಟ್ಟಿ ೨೦೧೩ರ ಚುನಾವಣೆಗೆ ನಿಂತಾಗ ಹೊನ್ನಾಳಿಯ ಶ್ರೀ ಎಂ. ಪಿ. ರೇಣುಕಾಚಾರ್ಯರೂ ಚನ್ನಗಿರಿಯ ಶ್ರೀ ಮಾಡಾಳು ವಿರೂಪಾಕ್ಷಪ್ಪನವರೂ ಕಮಲವನ್ನು ಬಿಟ್ಟು ಅವರ ಜೊತೆಗೆ ನಡೆದರು. ಮತಗಳೂ ಬಹುಮಟ್ಟಿಗೆ ಅವರ ಹಿಂದೆಯೇ ನಡೆದುವು. ಶಿಕಾರಿಪುರವು ಹೊನ್ನಾಳಿಗೆ ನೆರೆಯ ತಾಲ್ಲೂಕೆಂಬುದನ್ನು ಮರೆಯಲಾಗದು. ಜಗಳೂರಿನ ಶ್ರೀ ಎಸ್. ವಿ. ರಾಮಚಂದ್ರ ಅವರದು ಇನ್ನೂ ಸ್ಪಷ್ಟವಾದ ನಿದರ್ಶನ. ೨೦೦೮ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಅವರು ರಾಜೀನಾಮೆಯಿತ್ತು, ೨೦೧೧ರ ಉಪಚುನಾವಣೆಯಲ್ಲಿ ಎದುರುಪಕ್ಷದ ಚಿಹ್ನೆಯಿಂದ ಅದೇ ಜನರ ಮತವನ್ನು ಪಡೆದರು. ಆದರೆ ಅದೇ ಜನರು ಎರಡೇ ವರ್ಷಗಳಲ್ಲಿ ಅವರನ್ನು ಸೋಲಿಸಿದರು. ೨೦೨೩ರಲ್ಲಂತೂ ಕಾಂಗ್ರೆಸ್ಸಿನ ಮಾಜಿ ಶಾಸಕರಾದ ಶ್ರೀ ಎಚ್. ಪಿ. ರಾಜೇಶ್ ಅವರು ಪಕ್ಷೇತರರಾಗಿ ನಿಂತು ಗೆದ್ದವರ ಸಮೀಪಕ್ಕೇ ಬಂದರು; ಗೆಲವಿನ ಅಂತರ ಸಾವಿರಕ್ಕೂ ಕಡಮೆ. ಎಲ್ಲಕ್ಕೂ ಜಾತಿಯನ್ನೇ ಕಾರಣವೆನ್ನುವವರು ಜಗಳೂರು ೨೦೦೮ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರವೆಂಬುದನ್ನು ಗಮನಿಸಬೇಕು. ಅಭ್ಯರ್ಥಿಗಳೆಲ್ಲರೂ ಆ ವರ್ಗದವರೇ ಆದಮೇಲೆ, ಅವರಲ್ಲಿ ಒಬ್ಬನನ್ನು ಬಿಟ್ಟು ಮತ್ತೊಬ್ಬನನ್ನು ಆರಿಸಿದುದಕ್ಕೆ ಬೇರೆ ಕಾರಣವನ್ನೂ ಹುಡುಕಬೇಕಾಗುತ್ತದೆ.

ವ್ಯಕ್ತಿನಿಷ್ಠೆಯ ವಾದಕ್ಕೆ ದೊಡ್ಡ ತೊಡಕು ಚನ್ನಗಿರಿಯದು. ಆ ತಾಲ್ಲೂಕಿನ ಕಾರಿಗನೂರಿನವರಾದ ಜೆ. ಎಚ್. ಪಟೇಲರು ೧೯೬೭ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಶಿವಮೊಗ್ಗೆಯ ಪ್ರತಿನಿಧಿಯಾಗಿ ಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದವರು. ೧೯೯೬ರಲ್ಲಿ ಮುಖ್ಯಮಂತ್ರಿಗಳಾಗಿ, ಮರುವರ್ಷ ದಾವಣಗೆರೆಯನ್ನು ಜಿಲ್ಲೆಯಾಗಿ ಮಾಡಿದವರೂ ಅವರೇ. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಇದಕ್ಕೆ ಸೇರಿದುವು. ಇಷ್ಟಾದರೂ ೧೯೯೯ರಲ್ಲಿ ಜನತಾ ದಳವು ಒಡೆದು, ಅವರು ಅದರ ಒಂದು ಹೋಳಿನಲ್ಲಿ ನಿಂತಾಗ, ಚನ್ನಗಿರಿಯು ಅವರನ್ನು ಕೈಬಿಟ್ಟಿತು. ವ್ಯಕ್ತಿಯೊಬ್ಬರೇ ಸಾಕಾಗಿದ್ದರೆ ಪಟೇಲರಿಗಿಂತ ಹೆಚ್ಚಿನ ವ್ಯಕ್ತಿ ಆ ತಾಲ್ಲೂಕಿಗೆ ಯಾರಿದ್ದರು?

ಇಲ್ಲಿ ಹಳ್ಳಿಯ ಭಾಷೆಯ ಕಡೆಗೆ ಕಿವಿಗೊಡುವುದು ಲೇಸು. ಹಳ್ಳಿಗರ ಬಾಯಲ್ಲಿ ‘ಪಾರ್ಟಿ’ಯೆಂದರೆ ದೆಹಲಿಯ ಸಂಸ್ಥೆಯಲ್ಲ, ಊರೊಳಗಿನ ಗುಂಪು. ‘ಊರಲ್ಲಿ ಎರಡು ಪಾರ್ಟಿ ಆಗಿದೆ’ ಎಂದರೆ ನೀರಿಗೋ ಜಾತ್ರೆಗೋ ಗಡಿಗೋ ಹುಟ್ಟಿದ ಜಗಳವೆಂದು ಕೇಳಿದವರಿಗೆಲ್ಲ ತಿಳಿಯುವುದು. ಗ್ರಾಮಪಂಚಾಯತಿಯ ಚುನಾವಣೆಗೆ ಪಕ್ಷದ ಚಿಹ್ನೆ ಕೂಡದೆಂದು ಕಾನೂನು ವಿಧಿಸಿದೆ. ಈ ಅರ್ಥದ ಪಾರ್ಟಿಗೆ ಚಿಹ್ನೆಯೂ ಬೇಕಾಗಿಲ್ಲ. ಮೇಲಿನ ಪಕ್ಷಗಳು ಈ ಗುಂಪುಗಳನ್ನು ಸೃಷ್ಟಿಸುವುದಿಲ್ಲ, ಬಾಡಿಗೆಗೆ ಹಿಡಿಯುತ್ತವೆ ಎಂದರೆ ಮೇಲೆ ಹೇಳಿದ ತಿರುವುಗಳೆಲ್ಲ ಹೆಚ್ಚು ಅರ್ಥವಾಗುವುವು.

ಹಾಗೆಂದು ಪಕ್ಷಬುದ್ಧಿಯೇ ಇಲ್ಲವೆನ್ನಲಾಗದು. ಅದು ಮತದಾರನಲ್ಲಿರುವುದಕ್ಕಿಂತ ಸಂಸ್ಥೆಗಳಲ್ಲಿ ಹೆಚ್ಚಾಗಿ ಕಾಣುವುದು. ೧೯೮೫ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯು ಶಾಸಕನನ್ನು ಪಕ್ಷಕ್ಕೆ ಕಟ್ಟಿತು. ರಾಜೀನಾಮೆಯೆಂಬ ದಾರಿಯಿಂದ ಆ ಕಟ್ಟು ಸಡಿಲುವುದನ್ನು ಜಗಳೂರು ತೋರಿಸಿತು. ಕಟ್ಟನ್ನು ಕಾಯಬೇಕಾದ ಸಭಾಧ್ಯಕ್ಷರ ಪೀಠವೂ ಸಂಶಯಕ್ಕೆ ಹೊರತಾಗಲಿಲ್ಲ: ೨೦೧೦ರಲ್ಲಿ ಆಳುವ ಪಕ್ಷದ ೧೧ ಮಂದಿ ಭಿನ್ನಮತೀಯ ಶಾಸಕರನ್ನು ಅನರ್ಹಗೊಳಿಸಿದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ರದ್ದುಮಾಡಿತು. ಮತದಾರನಿಗೆ ಇದಕ್ಕಿಂತಲೂ ಸಮೀಪದ ನಷ್ಟ ಬೇರೆ. ೨೦೧೬ರಲ್ಲಿ ಆರಿಸಿದ ಜಿಲ್ಲಾ ಹಾಗೂ ತಾಲ್ಲೂಕು ಪಂಚಾಯತಿಗಳ ಅವಧಿ ೨೦೨೧ರಲ್ಲಿ ಮುಗಿಯಿತು. ಅನಂತರ ವಿಧಾನಸೌಧದಲ್ಲಿ ಆಳುವ ಪಕ್ಷವೇ ಬದಲಾದರೂ ಚುನಾವಣೆಯು ವರ್ಷಗಟ್ಟಲೆ ನಡೆಯಲಿಲ್ಲ. ಕ್ಷೇತ್ರವಿಂಗಡಣೆ, ಮೀಸಲಾತಿಗಳ ಕಾರಣವನ್ನು ಎರಡು ಪಕ್ಷಗಳ ಸರ್ಕಾರಗಳೂ ಹೇಳಿದುವು. ೨೦೧೮ರಲ್ಲಿ ಹುಟ್ಟಿದ ನ್ಯಾಮತಿಗೆ ಕಚೇರಿಗಳು ಬಂದುವು. ತಾನೇ ಆರಿಸಿದ ತಾಲ್ಲೂಕು ಸಭೆಯು ಮಾತ್ರ ಆ ವರ್ಷಗಳಲ್ಲಿ ಬರಲಿಲ್ಲ.