ಅಂಗೈಯಲ್ಲಿ ಅಡಗುವ ಹತ್ತು ರೂಪಾಯಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಜಾದೂ ಎಂದೊಡನೆ ನೆನಪಾಗುವ ಹೆಸರುಗಳಲ್ಲೊಂದು ಮಂಗಳೂರಿನ ಕುದ್ರೋಳಿ ಗಣೇಶ್. ಅವರಂಥವರ ವೇದಿಕೆಯ ಜಾದೂಗೆ ಪೆಟ್ಟಿಗೆ, ಪರದೆ, ದೀಪಗಳ ಬೆಂಬಲವುಂಟು. ನಾಣ್ಯದ ಜಾದೂಗೆ ಬರಿಗೈಯೇ ರಂಗ.

ಅದರ ಬುನಾದಿ ‘ಕ್ಲಾಸಿಕ್ ಪಾಮ್’. ಹೆಬ್ಬೆರಳ ಬುಡಕ್ಕೂ ಅದರೆದುರಿನ ಅಂಗೈ ಉಬ್ಬಿಗೂ ನಡುವೆ ನಾಣ್ಯ ಕಚ್ಚಿ ನಿಲ್ಲಬೇಕು, ಬೆರಳುಗಳು ಮಾತ್ರ ಏನೂ ಅರಿಯದಂತೆ ಸಡಿಲವಾಗಿರಬೇಕು. 1952ರಲ್ಲಿ ಬಂದ ಜೆ.ಬಿ. ಬೋಬೋ ಅವರ ‘ಮಾಡರ್ನ್ ಕಾಯಿನ್ ಮ್ಯಾಜಿಕ್’ ಇಂದಿಗೂ ಕಲಿಯುವವರ ಕೈಪಿಡಿ. ಅಮೆರಿಕದ ಜಾದೂಗಾರರ ಮೆಚ್ಚಿನ ಅರ್ಧ ಡಾಲರ್ 30.6 ಮಿ.ಮೀ. ಅಗಲ, ನಮ್ಮ 10 ರೂಪಾಯಿ 27 ಮಿ.ಮೀ. ನಾಣ್ಯ ಕಿರಿದಾದಷ್ಟೂ ಅಂಗೈ ಹೆಚ್ಚು ಮಡಚಿಕೊಂಡು ಗುಟ್ಟು ಬಯಲಾಗುವ ಭಯ.

‘ಮಸಲ್ ಪಾಸ್’ ಇನ್ನೂ ಕಠಿಣ: ಅಂಗೈಯ ಸ್ನಾಯು ಹಿಂಡಿದರೆ ನಾಣ್ಯ ಮೇಲಕ್ಕೆ ಚಿಮ್ಮುತ್ತದೆ!

ಪ್ರೇಕ್ಷಕರೆದುರು ಮಾತೂ ಕೈಚಳಕವೇ. ತುಳುವಿನಲ್ಲೊಂದು ತಮಾಷೆ ಹಾರಿಸಿ ಕಣ್ಣಿಗೆ ಕಣ್ಣು ಕೊಟ್ಟರೆ ನೋಡುಗರ ನೋಟ ಮುಖಕ್ಕೇರುತ್ತದೆ. ನಗು ಏಳುವಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿರುತ್ತದೆ.