ಆವರ್‌ಬಾಕ್‌ರ 'ಫಿಗುರಾ': ನಾವು ಓದದೆ ಬಿಟ್ಟ ಅರ್ಧ

ಪಾಸ್ಖ ಜಾಗರಣೆಯಲ್ಲಿ ವಿಮೋಚನಕಾಂಡದ ವಾಚನವನ್ನು ದೀಕ್ಷಾಸ್ನಾನದ ಮುನ್ಸೂಚನೆಯೆಂದು ನಾವು ತಪ್ಪದೆ ವಿವರಿಸುತ್ತೇವೆ. ಸಮುದ್ರ ದಾಟಿ ಬಂದ ದಾಸರ ಬಗ್ಗೆ ಅಷ್ಟಾಗಿ ಮಾತನಾಡುವುದಿಲ್ಲ. ಎರಿಕ್ ಆವರ್‌ಬಾಕ್‌ರ 'ಫಿಗುರಾ' (1938) ಎಂಬ ದೀರ್ಘ ಪ್ರಬಂಧವನ್ನು ಈ ಅಭ್ಯಾಸದ ಸಮರ್ಥನೆಗೆ ಬಳಸುವುದುಂಟು. ಮುನ್ಸೂಚನೆಯಾದ ವ್ಯಕ್ತಿಯೂ ಘಟನೆಯೂ ತಮ್ಮ ಐತಿಹಾಸಿಕ ನಿಜವನ್ನು ಕಳೆದುಕೊಳ್ಳುವುದಿಲ್ಲ ಎಂಬ ಅದರ ತಿರುಳು ಮಾತ್ರ ಹಾಗೆಯೇ ಉಳಿದುಬಿಡುತ್ತದೆ.

ಆವರ್‌ಬಾಕ್ 1892ರಲ್ಲಿ ಬರ್ಲಿನ್‌ನ ಯೆಹೂದಿ ಮನೆತನದಲ್ಲಿ ಜನಿಸಿದರು. ಕಾನೂನಿನಲ್ಲೂ ಅನಂತರ ರೋಮಾನ್ಸ್ ಭಾಷಾಸಾಹಿತ್ಯದಲ್ಲೂ ಡಾಕ್ಟರೇಟ್ ಪಡೆದು, ದಾಂತೆಯ ಕುರಿತು ಗ್ರಂಥ ರಚಿಸಿ, ಮಾರ್ಬುರ್ಗ್‌ನಲ್ಲಿ ಪ್ರಾಧ್ಯಾಪಕರಾದರು. 1935ರಲ್ಲಿ ನಾಜಿ ಆಡಳಿತ ಅವರನ್ನು ಹುದ್ದೆಯಿಂದ ತೆಗೆಯಿತು. ಮರುವರ್ಷ ಇಸ್ತಾಂಬುಲ್ ಸೇರಿದರು. ಅಲ್ಲಿ ಗಲಾತಾದ ದೊಮಿನಿಕನ್ ಮಠದಲ್ಲಿ ಲತೀನ್ ಧರ್ಮಪಿತೃಗಳ ಕೃತಿಸಂಪುಟಗಳಿದ್ದವು. ಸಾರ್ವಜನಿಕರಿಗೆ ತೆರೆದಿರದ ಆ ಗ್ರಂಥಾಲಯವನ್ನು ಬಳಸಲು ಅವರಿಗೆ ಅನುಮತಿ ನೀಡಿದವರು ಅಂದಿನ ಅಪೊಸ್ತಲಿಕ ಪ್ರತಿನಿಧಿ ರೊಂಕಾಲಿ, ಮುಂದೆ ಪೋಪ್ 23ನೇ ಜಾನ್ ಆದವರು.

ಪ್ರಬಂಧದಲ್ಲಿ ನಿರ್ಣಾಯಕನಾದವನು ತೆರ್ತುಲಿಯನ್. ಹಳೆಯ ಒಡಂಬಡಿಕೆಯನ್ನೇ ತಿರಸ್ಕರಿಸಿದ ಮಾರ್ಸಿಯೋನನೆದುರು ಆತ ಹೂಡುವ ವಾದವಿದು: ನೂನನ ಮಗನಿಗೆ ಮೋಶೆ ಇಟ್ಟ ಯೆಹೋಶುವ ಎಂಬ ಹೆಸರೇ ಯೇಸುಸ್ವಾಮಿಯ ಹೆಸರು, ಅವನು ಜನರನ್ನು ವಾಗ್ದತ್ತ ನಾಡಿಗೆ ನಡೆಸಿದ, ಇವರು ನಿತ್ಯಜೀವಕ್ಕೆ. ಯೆಹೋಶುವ ನಿಜವಾಗಿ ಬಾಳಿದವನಾಗಿದ್ದರೆ ಮಾತ್ರ ಈ ವಾದ ನಿಲ್ಲುತ್ತದೆ. ಇದನ್ನು ಬರಿಯ ಶಬ್ದಚರಿತ್ರೆಯೆಂದು ಓದಲಾಗದು. 1933ರ ನವೆಂಬರಿನಲ್ಲಿ ಬರ್ಲಿನ್‌ನಲ್ಲಿ ನಡೆದ 'ಜರ್ಮನ್ ಕ್ರೈಸ್ತರ' ಬೃಹತ್ ಸಭೆಯಲ್ಲಿ ಹಳೆಯ ಒಡಂಬಡಿಕೆಯನ್ನು ಕೈಬಿಡಬೇಕೆಂಬ ಬೇಡಿಕೆ ಎದ್ದಿತ್ತು. ಮಾರ್ಸಿಯೋನ್ ಮರಳಿ ಬಂದಿದ್ದನು.

ದಾಂತೆಯನ್ನು ಕುರಿತ ಪುಟಗಳು ಇನ್ನೂ ಸಮೃದ್ಧ. ಕಾತೋ ಅಕ್ರೈಸ್ತ, ಆತ್ಮಹತ್ಯೆ ಮಾಡಿಕೊಂಡವನು. ಆದರೂ ಶುದ್ಧೀಕರಣ ಪರ್ವತದ ಬುಡದಲ್ಲಿ ಕಾವಲು ನಿಂತಿದ್ದಾನೆ. ಆವರ್‌ಬಾಕ್ ಅವನನ್ನು ಸ್ವಾತಂತ್ರ್ಯವೆಂಬ ಗುಣದ ರೂಪಕವಾಗಿ ಕಾಣುವುದಿಲ್ಲ. ರಾಜಕೀಯ ಸ್ವಾತಂತ್ರ್ಯಕ್ಕಾಗಿ ಪ್ರಾಣ ತೊರೆದ ಅದೇ ರೋಮನ್ ವ್ಯಕ್ತಿ ಇಲ್ಲಿ, ಪಾಪದಿಂದ ಬಿಡುಗಡೆಯಾಗುವ ಆತ್ಮಗಳ ನಡುವೆ, ತನ್ನ ಪೂರ್ಣತೆಯನ್ನು ಪಡೆದಿದ್ದಾನೆ. ಅನುಗ್ರಹವು ಸ್ವಭಾವವನ್ನು ಅಳಿಸದೆ ಪರಿಪೂರ್ಣಗೊಳಿಸುತ್ತದೆ ಎಂಬ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಸಾಹಿತ್ಯಿಕ ಉದಾಹರಣೆ ನನಗೆ ತಿಳಿಯದು.

ಕೊರತೆಗಳೂ ಇವೆ. ಹಿಂದಿನ ಕಾನ್‌ಸ್ಟಾಂಟಿನೋಪಲ್‌ನಲ್ಲಿಯೇ ಕುಳಿತು ಬರೆದ 'ಮಿಮೆಸಿಸ್' (1946) ಕೂಡ ಬೈಜಾಂಟಿನ್ ಸಾಹಿತ್ಯಕ್ಕೆ ಅಧ್ಯಾಯವೊಂದನ್ನು ಮೀಸಲಿಡುವುದಿಲ್ಲ. ಸಂತ ಎಫ್ರೇಮರ ಸಿರಿಯಾಕ್ ಪರಂಪರೆಯನ್ನು ಬಲ್ಲ ಭಾರತೀಯ ಓದುಗರಿಗೆ ಈ ಲತೀನ್ ಏಕಮುಖತೆ ಎದ್ದು ಕಾಣುತ್ತದೆ.

ಇದಕ್ಕಿಂತ ಗಂಭೀರವಾದುದು ಇನ್ನೊಂದು. ಸಂತ ಪೌಲರ ದೃಷ್ಟಿಯಲ್ಲಿ ಹಳೆಯ ಒಡಂಬಡಿಕೆಯು ಇಸ್ರಯೇಲಿನ ಧರ್ಮಶಾಸ್ತ್ರ ಹಾಗೂ ಜನಚರಿತ್ರೆಯಾಗಿ ಉಳಿಯದೆ ಕ್ರಿಸ್ತನ ಮುನ್ಸೂಚನೆಗಳ ಸರಣಿಯಾಯಿತೆಂದು ಆವರ್‌ಬಾಕ್‌ರೇ ಹೇಳುತ್ತಾರೆ. ಹಾಗಾದರೆ ಇಂದಿಗೂ ಜೀವಂತವಾಗಿರುವ ಇಸ್ರಯೇಲಿಗೆ ಉಳಿದುದೇನು? ದೇಶಭ್ರಷ್ಟ ಯೆಹೂದಿಯೊಬ್ಬರ ಈ ಪ್ರಬಂಧ ಆ ಪ್ರಶ್ನೆಯನ್ನು ನೇರವಾಗಿ ಕೇಳುವುದಿಲ್ಲ. ಕೇಳಬೇಕಾದವರು ನಾವೇ ಆಗಿದ್ದೆವು. ರೊಂಕಾಲಿಯವರು ಕರೆದ ಮಹಾಸಭೆ 1965ರ 'ನೊಸ್ತ್ರಾ ಏತಾತೆ'ಯಲ್ಲಿ, ರೋಮನರಿಗೆ ಬರೆದ ಪತ್ರದ 11ನೇ ಅಧ್ಯಾಯವನ್ನು ಆಧರಿಸಿ, ಅದಕ್ಕೆ ಉತ್ತರಿಸತೊಡಗಿತು. ಆವರ್‌ಬಾಕ್ 1957ರಲ್ಲೇ ಅಮೆರಿಕದಲ್ಲಿ ತೀರಿಕೊಂಡಿದ್ದರು. ಆ ಘೋಷಣೆಯ 4ನೇ ವಿಭಾಗವನ್ನು ಬದಿಗಿಟ್ಟು 'ಫಿಗುರಾ'ವನ್ನು ಮಾತ್ರ ಪಾಠ ಮಾಡುವುದು ನನಗೆ ಸರಿಯೆನಿಸುವುದಿಲ್ಲ.